ಹೃದಯಕ್ಕೆ ಬಂದ ಸಂದೇಶವನ್ನು ಅಳಿಸುವ ಕಿಣ್ವಗಳು

ಎಲ್ಲರಿಗೂ ನಮಸ್ಕಾರ. ಮಾತು ಶುರುಮಾಡುವ ಮೊದಲು ಒಂದು ಕೋರಿಕೆ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಿಮ್ಮ ನಾಡಿ ನೋಡಿಕೊಳ್ಳಿ. ಸುಮ್ಮನೆ ಕುಳಿತಿರುವ ನಿಮ್ಮಲ್ಲಿ ಹಲವರಿಗೆ ನಿಮಿಷಕ್ಕೆ 70ರ ಆಸುಪಾಸು ಸಿಗಬಹುದು. ತಡವಾಯಿತೆಂದು ಮೆಟ್ಟಿಲು ಹತ್ತಿ ಓಡಿಬಂದವರಿಗೆ ಆಗ 100 ದಾಟಿರಬೇಕು. ಅದು ಏರಿದ್ದು ಹೇಗೆಂದು ಎಲ್ಲರೂ ಕೇಳುತ್ತಾರೆ, ಇಳಿದದ್ದು ಹೇಗೆಂದು ಕೇಳುವವರು ಕಡಿಮೆ. ನನಗೆ ಹೇಳಬೇಕಿರುವುದು ಆ ಇಳಿತದ ವಿಷಯ.

ಏರಿಕೆಯ ಕಥೆಯನ್ನು ಬೇಗ ಮುಗಿಸುತ್ತೇನೆ. ಅಡ್ರಿನಲಿನ್ ಎಂಬ ಹಾರ್ಮೋನು ಹೃದಯದ ಜೀವಕೋಶದ ಒಳಗೆ ಕಾಲಿಡದೆಯೇ ತನ್ನ ಕೆಲಸ ಮಾಡಿಸಿಕೊಳ್ಳುತ್ತದೆ. ಅದು ಹೊರಪೊರೆಯ ಬೀಟಾ ಗ್ರಾಹಕಕ್ಕೆ ಅಂಟಿದೊಡನೆ, ಒಳಮೈಯಲ್ಲಿ ಅಡಿನೈಲಿಲ್ ಸೈಕ್ಲೇಸ್ ಎಂಬ ಕಿಣ್ವ ಚುರುಕಾಗಿ, ಕೋಶದ ಶಕ್ತಿಯ ಅಣುವಾದ ಎಟಿಪಿಯಿಂದ ಸೈಕ್ಲಿಕ್ ಎಎಂಪಿ ತಯಾರಿಸುತ್ತದೆ. ಹೊರಗಿನ ಸಂದೇಶವನ್ನು ಕೋಶದೊಳಗೆ ಮುಟ್ಟಿಸುವುದು ಇದೇ. ಈ ಪುಟ್ಟ ಅಣುವನ್ನು ಕಂಡುಹಿಡಿದ ಅರ್ಲ್ ಸದರ್ಲ್ಯಾಂಡ್ ಅವರಿಗೆ 1971ರಲ್ಲಿ ನೊಬೆಲ್ ಬಂದಿತು. ಸೈಕ್ಲಿಕ್ ಎಎಂಪಿ ಎಬ್ಬಿಸುವುದು ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವವನ್ನು. ಆ ಕೈನೇಸ್ ಸಿಕ್ಕ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತಾ ಹೋಗುತ್ತದೆ.

ಅಂಥ ಒಂದು ಪ್ರೋಟೀನನ್ನು ಹತ್ತಿರದಿಂದ ನೋಡೋಣ. ಹೆಸರು ಫಾಸ್ಫೋಲ್ಯಾಂಬನ್, ಉದ್ದ ಕೇವಲ 52 ಅಮೈನೋ ಆಮ್ಲ. ಸ್ನಾಯುಕೋಶದಲ್ಲಿ ಕ್ಯಾಲ್ಸಿಯಂ ತುಂಬಿಟ್ಟ ಉಗ್ರಾಣವೊಂದಿದೆ. ಕ್ಯಾಲ್ಸಿಯಂ ಹೊರಗೆ ನುಗ್ಗಿದಾಗ ಹೃದಯ ಹಿಂಡಿಕೊಳ್ಳುತ್ತದೆ, ಸರ್ಕಾ ಎಂಬ ಪಂಪು ಅದನ್ನು ಮರಳಿ ಒಳಗೆ ಎಳೆದಾಗ ಸಡಿಲವಾಗುತ್ತದೆ. ಫಾಸ್ಫೋಲ್ಯಾಂಬನ್ ಈ ಪಂಪಿನ ಮೇಲೆ ಒತ್ತಿ ಕುಳಿತ ಬ್ರೇಕು. ಅದರ 16ನೆಯ ಅಮೈನೋ ಆಮ್ಲದ ಮೇಲೆ ಒಂದು ಫಾಸ್ಫೇಟ್ ಕುಳಿತರೆ ಸಾಕು, ಹಿಡಿತ ಸಡಿಲಗೊಂಡು ಪಂಪು ಜೋರಾಗಿ ಓಡುತ್ತದೆ. ವೇಗವಾಗಿ ಬಡಿಯಬೇಕಾದ ಹೃದಯ ವೇಗವಾಗಿ ಸಡಿಲವೂ ಆಗಬೇಕು, ಇಲ್ಲವಾದರೆ ಅದರೊಳಗೆ ರಕ್ತ ತುಂಬುವುದಾದರೂ ಯಾವಾಗ? ನನಗೆ ಈ ಜೋಡಣೆಯನ್ನು ಕಂಡಾಗಲೆಲ್ಲ ಕೈಮುಗಿಯಬೇಕೆನಿಸುತ್ತದೆ.

ಈಗ ನೀವು ಕುರ್ಚಿಯಲ್ಲಿ ಕುಳಿತಿರಿ. ಅಡ್ರಿನಲಿನ್ ಇಳಿಯಿತು. ಆದರೆ ಕೋಶದೊಳಗೆ ಆಗಲೇ ಹುಟ್ಟಿದ ಸೈಕ್ಲಿಕ್ ಎಎಂಪಿಯನ್ನು ಯಾರಾದರೂ ಒಡೆಯಬೇಕಲ್ಲ? ಅದು ಫಾಸ್ಫೋಡೈಎಸ್ಟರೇಸ್ ಕಿಣ್ವಗಳ ಪಾಲಿನ ಕೆಲಸ. ಅಂಟಿದ ಫಾಸ್ಫೇಟನ್ನು ಕಿತ್ತು ಫಾಸ್ಫೋಲ್ಯಾಂಬನ್ನನ್ನು ಮತ್ತೆ ಬ್ರೇಕಿಗೆ ಕೂರಿಸುವವು ಫಾಸ್ಫಟೇಸ್‌ಗಳು. ಬಿಡುಗಡೆಯಾದ ಫಾಸ್ಫೇಟನ್ನು ಅಳೆಯುವ ಒಂದು ಹಳೆಯ ವಿಧಾನಕ್ಕೆ ನಮ್ಮ ನೆರೆಯ ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಹೆಸರಿದೆ. 1925ರಲ್ಲಿ ಫಿಸ್ಕ್ ಅವರೊಂದಿಗೆ ಅವರು ಪ್ರಕಟಿಸಿದ್ದು ಅದು. ಫಾಸ್ಫೇಟ್ ಹೆಚ್ಚಿದಷ್ಟೂ ಪ್ರನಾಳದಲ್ಲಿ ನೀಲಿ ಗಾಢವಾಗುತ್ತದೆ.

ಅಳಿಸುವ ಕಿಣ್ವವನ್ನೇ ತಡೆದರೆ ಏನಾಗುತ್ತದೆ? ದುರ್ಬಲ ಹೃದಯಕ್ಕೆ ಬಲ ಬರುತ್ತದೆಂದು ವೈದ್ಯಲೋಕ ನಂಬಿತ್ತು. ಮಿಲ್ರಿನೋನ್ ಎಂಬ ಔಷಧ ಮೂರನೆಯ ಬಗೆಯ ಫಾಸ್ಫೋಡೈಎಸ್ಟರೇಸನ್ನು ತಡೆದು ಸೈಕ್ಲಿಕ್ ಎಎಂಪಿ ಉಳಿಯುವಂತೆ ಮಾಡುತ್ತದೆ, ಬಡಿತ ಬಿರುಸಾಗುತ್ತದೆ. ತೀವ್ರ ಹೃದಯ ವೈಫಲ್ಯವಿದ್ದ 1,088 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1991ರಲ್ಲಿ ಹೊರಬಂದಿತು. ಬಾಯಿಯ ಮೂಲಕ ಮಿಲ್ರಿನೋನ್ ತೆಗೆದುಕೊಂಡವರಲ್ಲಿ ಸಾವು ಶೇ. 28ರಷ್ಟು ಹೆಚ್ಚು. ಆ ಅಂಕಿಯ ಹಿಂದೆ ಚೇತರಿಕೆಯ ಆಸೆಯಿಂದ ಮಾತ್ರೆ ನುಂಗಿದ ಜನರಿದ್ದರು. ತುರ್ತು ನಿಗಾ ಘಟಕದಲ್ಲಿ ಕೆಲಕಾಲ ರಕ್ತನಾಳದ ಮೂಲಕ ಕೊಡಲು ಈ ಔಷಧ ಇಂದಿಗೂ ಬಳಕೆಯಲ್ಲಿದೆ.

ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಫಿನ್ ವಾಗ್‌ಸ್ಟೀನ್ ಮತ್ತು ಸಂಗಡಿಗರು 1975ರಲ್ಲೇ ತದ್ವಿರುದ್ಧ ದಾರಿ ಹಿಡಿದಿದ್ದರು. ಸೋತ ಹೃದಯಕ್ಕೆ ಬೀಟಾ ಬ್ಲಾಕರ್, ಅಂದರೆ ಬೀಟಾ ಗ್ರಾಹಕಕ್ಕೆ ಅಡ್ರಿನಲಿನ್ ಅಂಟದಂತೆ ಮಾಡುವ ಔಷಧ ಕೊಟ್ಟು, ಸಂದೇಶವನ್ನು ಬಾಗಿಲಲ್ಲೇ ತಡೆದರು. ಬಹುಕಾಲ ಯಾರೂ ಒಪ್ಪಲಿಲ್ಲ. 1999ರಲ್ಲಿ ಬಂದ, ಇಂಥ ಔಷಧಗಳ ಎರಡು ದೊಡ್ಡ ಪರೀಕ್ಷೆಗಳು, ಒಂದು ಬಿಸೊಪ್ರೊಲಾಲ್‌ನದು, ಇನ್ನೊಂದು ಮೆಟೊಪ್ರೊಲಾಲ್‌ನದು, ಸಾವನ್ನು ಮೂರನೆಯ ಒಂದು ಪಾಲಿನಷ್ಟು ಇಳಿಸಿ ತೋರಿಸಿದವು.

ನಿಮ್ಮಲ್ಲಿ ಕೆಲವರ ಜೇಬಿನಲ್ಲಿ, ಮನೆಯ ಹಿರಿಯರ ಡಬ್ಬಿಯಲ್ಲಿ ಆ ಮೆಟೊಪ್ರೊಲಾಲ್ ಇರಬಹುದು. ಅದನ್ನು ದಿನವೂ ತೆಗೆದುಕೊಳ್ಳುವಾಗ ಕೋಶವು ಪೊರೆಯ ಮೇಲೆ ಬೀಟಾ ಗ್ರಾಹಕಗಳನ್ನು ಹೆಚ್ಚಿಸಿಕೊಂಡಿರುತ್ತದೆ. ಮಾತ್ರೆಯನ್ನು ಒಮ್ಮೆಗೇ ಬಿಟ್ಟರೆ ಆ ಹೆಚ್ಚಿದ ಗ್ರಾಹಕಗಳಿಗೆಲ್ಲ ಅಡ್ರಿನಲಿನ್ ಒಟ್ಟಿಗೆ ತಾಗುತ್ತದೆ. ವೈದ್ಯರು ಅದನ್ನು ನಿಲ್ಲಿಸಬೇಕಾದಾಗ ವಾರಗಟ್ಟಲೆ ಕಡಿಮೆ ಮಾಡುತ್ತಾ ಬರುವುದು ಇದೇ ಕಾರಣಕ್ಕೆ.