ಹದಿನಾಲ್ಕು ದಿನ ಎಲ್ಲಿಂದ ಎಣಿಸಬೇಕು?

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತಿನ ವಿಷಯವನ್ನು ಮನೆಯಲ್ಲಿ ಹಿರಿಯರ ಮುಂದೆ ಯಾರೂ ಎತ್ತುವುದಿಲ್ಲ. ರೇಡಿಯೊ ದನಿ ಸ್ವಲ್ಪ ತಗ್ಗಿಸಬೇಕು ಅನಿಸಿದರೆ ತಗ್ಗಿಸಿ, ಪೂರ್ತಿ ನಿಲ್ಲಿಸಬೇಡಿ. ತಿಂಗಳಲ್ಲಿ ಯಾವ ದಿನಗಳಲ್ಲಿ ಬಸಿರು ನಿಲ್ಲುತ್ತದೆ, ಅದನ್ನು ತಿಳಿದುಕೊಳ್ಳುವುದು ಹೇಗೆ ಅನ್ನುವುದೇ ಇವತ್ತಿನ ಮಾತು. ಗಂಡಸರು ಎದ್ದು ಹೋಗಬೇಡಿ, ನಿಮಗೂ ಇದರಲ್ಲಿ ಪಾಲಿದೆ.

ನಾನು ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ಓಡಾಡಿದವಳು. ಕೆಲವರು ಸಿಸ್ಟರ್ ಅನ್ನುತ್ತಿದ್ದರು, ವಯಸ್ಸಾದವರು ನರ್ಸಮ್ಮ ಅನ್ನುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಾನೂ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದೆ: "ಮುಟ್ಟಾದ ಹದಿನಾಲ್ಕನೇ ದಿನ ನೋಡಿಕೊಳ್ಳಮ್ಮ." ಆ ಮಾತು ಎಷ್ಟು ಅರ್ಧಂಬರ್ಧ ಅಂತ ನನಗೆ ಕಲಿಸಿದ್ದು ಪುಸ್ತಕವಲ್ಲ, ಒಬ್ಬ ಹೆಣ್ಣುಮಗಳು.

ಆಕೆಗೆ ಮದುವೆಯಾಗಿ ಮೂರು ವರ್ಷ ಆಗಿತ್ತು. ಗಂಡನಿಗೆ ಬೆಂಗಳೂರಲ್ಲಿ ಕೆಲಸ, ಊರಿಗೆ ಬರುವುದು ಯಾವಾಗಲೋ ಒಮ್ಮೆ. ನನ್ನ ಮಾತು ಕೇಳಿ ಆಕೆ ಹದಿನಾಲ್ಕನೇ ದಿನಕ್ಕೆ ಸರಿಯಾಗಿ ಅವನನ್ನು ಕರೆಸಿಕೊಳ್ಳುತ್ತಿದ್ದಳು. ಆರು ತಿಂಗಳಾದರೂ ಏನೂ ಆಗಲಿಲ್ಲ. ಅತ್ತೆಯ ಬಾಯಿ ಜೋರಾಯಿತು. ಒಂದು ದಿನ ನಾನು ಸುಮ್ನೆ ಕೇಳಿದೆ, "ಯಾವ ದಿನವನ್ನು ಒಂದು ಅಂತ ಹಿಡೀತೀಯಮ್ಮ?" ಆಕೆ ಹೇಳಿದಳು, "ತಲೆಗೆ ನೀರು ಹಾಕಿಕೊಂಡ ದಿನ ಅಕ್ಕ."

ತಲೆಗೆ ನೀರು ಹಾಕಿಕೊಳ್ಳುವುದು ನಾಲ್ಕನೇ ದಿನ. ಅಂದರೆ ಆಕೆಯ ಹದಿನಾಲ್ಕು ನಿಜವಾಗಿ ಹದಿನೇಳು. ಸಾಲದ್ದಕ್ಕೆ ಆಕೆಗೆ 24 ದಿನಕ್ಕೊಮ್ಮೆ ಮುಟ್ಟಾಗುತ್ತಿತ್ತು. ಅಂಥವರಲ್ಲಿ ಅಂಡಾಣು, ಅಂದರೆ ಬಸಿರಿಗೆ ಬೇಕಾದ ಹೆಣ್ಣಿನ ಮೊಟ್ಟೆ, ಹೊರಬರುವುದು ಹತ್ತನೇ ದಿನದ ಆಸುಪಾಸು. ಗಂಡ ಬಸ್ಸಿಳಿದು ಬರುವಷ್ಟರಲ್ಲಿ ಆ ತಿಂಗಳ ಅವಕಾಶ ಮುಗಿದು ಒಂದು ವಾರ ಆಗಿರುತ್ತಿತ್ತು. ಆಕೆಯ ಮೈಯಲ್ಲಿ ದೋಷ ಇತ್ತೋ ಇಲ್ಲವೋ, ಲೆಕ್ಕದಲ್ಲಂತೂ ಇತ್ತು. ಆ ಲೆಕ್ಕ ಕೊಟ್ಟವಳು ನಾನು.

ಹಾಗಾಗಿ ಮೊದಲ ಮಾತು ಇದು. ಮುಟ್ಟಿನ ಚಕ್ರದ ಒಂದನೇ ದಿನ ಅಂದರೆ ರಕ್ತ ಸರಿಯಾಗಿ ಕಾಣಿಸಿಕೊಂಡ ದಿನ. ಸ್ನಾನದ ದಿನವಲ್ಲ, ರಕ್ತ ನಿಂತ ದಿನವೂ ಅಲ್ಲ. ಅಲ್ಲಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಒಂದು ಚಕ್ರ.

ಎರಡನೇ ಮಾತು ಸ್ವಲ್ಪ ತಿರುವುಮುರುವು. ಹದಿನಾಲ್ಕು ಅನ್ನುವ ಅಂಕಿ ಸುಳ್ಳಲ್ಲ, ನಾವು ಎಣಿಸುವ ದಿಕ್ಕು ತಪ್ಪು. ಅದನ್ನು ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ಅಂಡಾಣು ಹೊರಬಿದ್ದ ಮೇಲೆ ಸುಮಾರು ಹದಿನಾಲ್ಕು ದಿನಕ್ಕೆ ಮುಟ್ಟು ಬರುತ್ತದೆ. ಒಬ್ಬರಿಗೆ ಹನ್ನೆರಡು, ಇನ್ನೊಬ್ಬರಿಗೆ ಹದಿನೈದು ಇರಬಹುದು. ಅಂಡಾಣು ಹೊರಬಿದ್ದ ಮೇಲಿನ ಈ ಅರ್ಧ ಅಷ್ಟಾಗಿ ಏರುಪೇರಾಗುವುದಿಲ್ಲ. ಹಿಗ್ಗುವುದು ಕುಗ್ಗುವುದು ಹೆಚ್ಚಾಗಿ ಅದಕ್ಕೆ ಮುಂಚಿನ ಅರ್ಧ. ಜ್ವರ ಬಂತು, ಮನೆಯಲ್ಲಿ ಸಾವಾಯಿತು, ರಾತ್ರಿ ಪಾಳಿ ಶುರುವಾಯಿತು ಅಂದರೆ ಅಂಡಾಣು ತಡವಾಗಬಹುದು, ಮುಟ್ಟೂ ಅಷ್ಟೇ ತಡವಾಗುತ್ತದೆ. 28 ದಿನದ ಚಕ್ರದವರಿಗೆ ಎರಡು ಕಡೆಯಿಂದ ಎಣಿಸಿದರೂ ಹದಿನಾಲ್ಕೇ ಬರುತ್ತದೆ. ಎಲ್ಲರ ತಲೆ ಕೆಟ್ಟಿದ್ದು ಅಲ್ಲೇ! 35 ದಿನದವರಿಗೆ ಅದು ಸುಮಾರು ಇಪ್ಪತ್ತೊಂದನೇ ದಿನ.

ಇದನ್ನು ಕಂಡುಹಿಡಿದು ಇನ್ನೂ ತುಂಬಾ ಕಾಲವೇನೂ ಆಗಿಲ್ಲ. ಅದಕ್ಕೆ ಮುಂಚೆ ದೊಡ್ಡ ದೊಡ್ಡ ಡಾಕ್ಟರುಗಳೇ ನಾಯಿಯನ್ನು ನೋಡಿ ಹೆಂಗಸಿನ ಲೆಕ್ಕ ಹಾಕುತ್ತಿದ್ದರು. ಹೆಣ್ಣುನಾಯಿ ಬೆದೆಗೆ ಬಂದಾಗ ರಕ್ತ ಕಾಣುತ್ತದೆ. ಹೆಂಗಸಿಗೂ ಮುಟ್ಟಿನ ಆಸುಪಾಸಿನಲ್ಲೇ ಬಸಿರು ನಿಲ್ಲುತ್ತದೆ, ನಡುತಿಂಗಳಲ್ಲಿ ಭಯವಿಲ್ಲ ಅಂದುಕೊಂಡರು. ಆ ಸಲಹೆ ನಂಬಿದ ದಂಪತಿಗಳಿಗೆ ಎಷ್ಟು ಮಕ್ಕಳಾದವೋ ದೇವರಿಗೇ ಗೊತ್ತು. 1924ರಲ್ಲಿ ಜಪಾನಿನ ಒಗಿನೊ ಎಂಬ ಡಾಕ್ಟರು ಹಿಂದಕ್ಕೆ ಎಣಿಸುವ ಈ ಲೆಕ್ಕವನ್ನು ಬರೆದರು. ನಾಲ್ಕೈದು ವರ್ಷದಲ್ಲಿ ಆಸ್ಟ್ರಿಯಾದ ಕ್ನಾಸ್ ಎಂಬ ಡಾಕ್ಟರು ಬೇರೆ ದಾರಿಯಲ್ಲಿ ಹತ್ತಿರಹತ್ತಿರ ಅಲ್ಲಿಗೇ ಬಂದರು. ಜಗತ್ತು ಇದನ್ನು ಮಕ್ಕಳು ಬೇಡ ಅನ್ನುವವರ ಉಪಾಯವಾಗಿ ಹಿಡಿದುಕೊಂಡಿತು. ಒಗಿನೊ ಅವರಿಗೆ ಅದು ಒಪ್ಪಿಗೆಯಿರಲಿಲ್ಲ. ಮಗು ಬೇಕು ಅನ್ನುವವರಿಗೆ ಇದು ಸರಿ, ಬೇಡ ಅನ್ನುವವರು ಇದನ್ನು ನಂಬಿ ಕೂರಬಾರದು ಅನ್ನುವುದು ಅವರ ನಿಲುವು.

ಈ ಲೆಕ್ಕ ನಮ್ಮ ರಾಮನಗರಕ್ಕೂ ಬಂದಿತ್ತು, ಗೊತ್ತಾ? ರೇಷ್ಮೆ ಗೂಡಿನ ರಾಮನಗರವೇ. 1951ರಲ್ಲಿ ಆರೋಗ್ಯ ಮಂತ್ರಿಯಾಗಿದ್ದ ರಾಜಕುಮಾರಿ ಅಮೃತ್ ಕೌರ್ ಅವರ ಕೋರಿಕೆಯ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಅಬ್ರಹಾಂ ಸ್ಟೋನ್ ಎಂಬ ಅಮೆರಿಕದ ಡಾಕ್ಟರನ್ನು ಕಳಿಸಿತು. ಅಮೃತ್ ಕೌರ್ ಗಾಂಧೀಜಿಯ ಜೊತೆಗಿದ್ದವರು, ಬಸಿರು ತಡೆಯುವ ಬೇರೆ ಸಾಧನಗಳು ಅವರಿಗೆ ಇಷ್ಟವಿರಲಿಲ್ಲ. ದಿನ ಎಣಿಸಿ ದೂರ ಇರುವ ಪದ್ಧತಿಯನ್ನು ಪರೀಕ್ಷಿಸೋಣ ಅಂದರು. ದೆಹಲಿಯ ಲೋಧಿ ಕಾಲೊನಿ ಒಂದು ಕಡೆ, ಮೈಸೂರು ಸೀಮೆಯ ರಾಮನಗರ ಇನ್ನೊಂದು ಕಡೆ. ಓದುಬರಹ ಬಾರದ ಹೆಂಗಸರು ದಿನ ಎಣಿಸುವುದು ಹೇಗೆ? ಸ್ಟೋನ್ ಅವರು ಮಣಿಸರ ಮಾಡಿಸಿದರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದರೆ ಅಡ್ಡಿಯಿಲ್ಲ, ಕೆಂಪು ಮಣಿ ಬಂದರೆ ಆ ದಿನ ದೂರ ಇರಬೇಕು.

ಯೋಚನೆ ಚೆನ್ನಾಗಿಯೇ ಇತ್ತು. ಆದರೆ ಬಾಳು ನಡೆಯುವುದು ಕತ್ತಲ ಮನೆಯಲ್ಲಿ. ರಾತ್ರಿ ಹಸಿರು ಯಾವುದು, ಕೆಂಪು ಯಾವುದು ಕಾಣಲಿಲ್ಲ. ಕೈಗೆ ತಿಳಿಯಲಿ ಅಂತ ಮಣಿಯ ಆಕಾರ ಬದಲಿಸಿದರು. ಕೆಲವರು ಮಣಿಯನ್ನು ಹಿಂದಕ್ಕೆ ಸರಿಸಿದರು, ಅದಕ್ಕೆ ಒಂದೇ ಕಡೆಗೆ ಹೋಗುವ ಹಾಗೆ ಕೊಕ್ಕೆ ಹಾಕಿದರು. ಮಣಿ ಸರಿಸಿದರೆ ಸಾಕು, ಬಸಿರಾಗುವುದಿಲ್ಲ ಅಂದುಕೊಂಡವರೂ ಇದ್ದರಂತೆ. ಈ ಕಥೆ ಹೇಳಿ ನಗುವವರನ್ನು ನಾನು ನೋಡಿದ್ದೇನೆ. ನನಗೆ ನಗು ಬರುವುದಿಲ್ಲ. ಸರ ಹೆಂಗಸಿನ ಕೊರಳಿಗೆ ಹಾಕಿದರು. ಕೆಂಪು ಮಣಿಯ ರಾತ್ರಿ ಬೇಡ ಅನ್ನುವ ಅಧಿಕಾರ ಆಕೆಗೆ ಯಾರು ಕೊಟ್ಟಿದ್ದರು?

ಅದೇ ಮಣಿ ಎಷ್ಟೋ ವರ್ಷದ ಮೇಲೆ ಮತ್ತೆ ಬಂತು. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು 32 ಮಣಿಗಳ ಸರ ಮಾಡಿದರು, ನಮ್ಮ ದೇಶದಲ್ಲಿ ಅದರ ಹೆಸರು ಮಾಲಾಚಕ್ರ. ಅದರ ಪ್ರಕಾರ 8ರಿಂದ 19ನೇ ದಿನದವರೆಗೆ ಬಸಿರು ನಿಲ್ಲಬಹುದಾದ ದಿನಗಳು. ಆದರೆ ಪ್ರತಿ ಸಲವೂ 26ರಿಂದ 32 ದಿನದ ಒಳಗೆ ಮುಟ್ಟಾಗುವವರಿಗೆ ಮಾತ್ರ ಈ ಲೆಕ್ಕ. ಅಂಥವರಲ್ಲೂ ಒಂದು ವರ್ಷ ಇದನ್ನೇ ನಂಬಿದ ನೂರು ಹೆಂಗಸರಲ್ಲಿ ಸುಮಾರು 12 ಜನ ಬಸಿರಾದರು. ಒಂದು ದಿನವೂ ತಪ್ಪದೆ ಪಾಲಿಸಿದವರಲ್ಲಿ ಸುಮಾರು ಐವರು. ಮಗು ಖಂಡಿತ ಬೇಡ ಅನ್ನುವವರು ಈ ಅಂಕಿಯನ್ನು ಒಮ್ಮೆ ಮನಸ್ಸಲ್ಲಿಟ್ಟುಕೊಳ್ಳಿ. ಎದೆಹಾಲು ಕುಡಿಸುತ್ತಿರುವವರು, ಮುಟ್ಟು ಹಿಂದೆಮುಂದೆ ಆಗುವವರು ದಿನದ ಲೆಕ್ಕಕ್ಕೆ ಕೈ ಹಾಕಲೇಬೇಡಿ. ಹೆರಿಗೆಯ ನಂತರ ಮೊದಲ ಮುಟ್ಟು ಬರುವ ಮುಂಚೆಯೇ ಅಂಡಾಣು ಹೊರಬರಬಹುದು. ಮುಟ್ಟೇ ಆಗಿಲ್ಲ, ಬಸಿರು ಹೇಗಾಯಿತು ಅಂತ ಕಣ್ಣೀರಿಟ್ಟವರನ್ನು ನಾನು ಕಂಡಿದ್ದೇನೆ.

ಈಗ ಮಗು ಬೇಕು ಅನ್ನುವವರ ಕಡೆ ಬರೋಣ. ಅಂಡಾಣು ಬದುಕುವುದು ಹೆಚ್ಚೆಂದರೆ ಒಂದು ದಿನ. ಗಂಡಿನ ವೀರ್ಯಾಣು ಹೆಂಗಸಿನ ಒಡಲಲ್ಲಿ ಐದು ದಿನದವರೆಗೂ ಬದುಕಿರಬಹುದು. ಎರಡನ್ನೂ ಸೇರಿಸಿದರೆ ಆರು ದಿನ: ಅಂಡಾಣು ಬಿಡುಗಡೆಯಾಗುವ ದಿನ, ಅದಕ್ಕೆ ಮುಂಚಿನ ಐದು ದಿನ. ಅದರಲ್ಲೂ ಕೊನೆಯ ಎರಡು ಮೂರು ದಿನ ಒಳ್ಳೆಯವು. ನೆಂಟರು ಬಂದ ಮೇಲೆ ಒಲೆ ಹಚ್ಚಿದರೆ ತಡವಾಗುತ್ತದೆ, ಅಲ್ವಾ? ಇಲ್ಲೂ ಹಾಗೆಯೇ. ವೀರ್ಯಾಣು ಮೊದಲೇ ಹೋಗಿ ಕಾಯುತ್ತಿರಬೇಕು.

ಅಮೆರಿಕದಲ್ಲಿ ವಿಲ್ಕಾಕ್ಸ್ ಮತ್ತು ಅವರ ಜೊತೆಗಾರರು ಬಸಿರಾಗಲು ಬಯಸಿದ 221 ಹೆಂಗಸರ ಮೂತ್ರವನ್ನು ದಿನಾ ಪರೀಕ್ಷೆ ಮಾಡಿ 1995ರಲ್ಲಿ ಈ ಆರು ದಿನದ ಲೆಕ್ಕ ಕೊಟ್ಟರು. ಐದು ವರ್ಷದ ನಂತರ ಅವರೇ ಇನ್ನೊಂದು ಮಾತು ಹೇಳಿದರು. ಪುಸ್ತಕಗಳಲ್ಲಿ ಬರೆಯುವ 10ರಿಂದ 17ನೇ ದಿನದ ಒಳಗೆ ಈ ಆರೂ ದಿನಗಳು ಬಂದದ್ದು ನೂರಕ್ಕೆ ಮೂವತ್ತು ಹೆಂಗಸರಿಗೆ ಮಾತ್ರ! ಮೊಬೈಲಿನ ಆ್ಯಪುಗಳನ್ನು ನಂಬುವ ನನ್ನ ಸೊಸೆಗೂ ಇದನ್ನೇ ಹೇಳುತ್ತೇನೆ. ಬರೀ ತಾರೀಖು ಹಾಕಿದರೆ ಆ್ಯಪು ಮಾಡುವುದೂ ಅಂದಾಜು. ಮುಂದಿನ ಮುಟ್ಟು ಯಾವಾಗ ಅಂತ ಅದಕ್ಕೂ ಇನ್ನೂ ಗೊತ್ತಿರುವುದಿಲ್ಲ.

ಹಾಗಾದರೆ ಗೊತ್ತಾಗುವುದು ಹೇಗೆ? ಮೈ ಹೇಳುತ್ತದೆ. ಹೈನು ಇಟ್ಟುಕೊಂಡವರಿಗೆ ಇದನ್ನು ವಿವರಿಸುವುದು ಸುಲಭ. ಹಸು ಬೆದೆಗೆ ಬಂದಿದೆ ಅಂತ ಹೇಗೆ ತಿಳಿಯುತ್ತೀರಿ? ಕೂಗುತ್ತದೆ, ಮೇವು ಬಿಡುತ್ತದೆ, ಹಿಂದೆ ಗಾಜಿನ ಹಾಗೆ ತಿಳಿಯಾದ ಲೋಳೆ ಇಳಿಬೀಳುತ್ತದೆ. ಬೆಳಗ್ಗೆ ಕಂಡರೆ ಸಂಜೆಯೊಳಗೆ ಗಬ್ಬ ಕಟ್ಟಿಸುವ ಇಂಜೆಕ್ಷನ್ ಕೊಡಿಸುತ್ತೀರಿ. ಹಸುವಿಗೆ ಹೋಲಿಸಿದಳು ಅಂತ ಬೇಜಾರಾಗಬೇಡಿ. ಹೆಂಗಸರಿಗೂ ಆ ಲೋಳೆ ಬರುತ್ತದೆ. ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದ ಹಾಗಿರುತ್ತದೆ. ಆಮೇಲೆ ಅಂಟಂಟಾದ, ಮಂದವಾದ ಬಿಳುಪು. ಅದಾದ ಮೇಲೆ ಹಸಿ ಮೊಟ್ಟೆಯ ಬಿಳಿಯ ಹಾಗೆ ತೆಳ್ಳಗೆ, ಜಾರುವ, ಎರಡು ಬೆರಳ ನಡುವೆ ಹಿಡಿದರೆ ಎಳೆಯಾಗಿ ಹಿಗ್ಗುವ ಲೋಳೆ. ಅದೇ ಸಮಯ. ಮತ್ತೆ ಅದು ಮಂದವಾಯಿತು, ಒಣಗಿತು ಅಂದರೆ ಅಂಡಾಣು ಬಿಡುಗಡೆಯಾಗಿ ಹೋಗಿದೆ ಅಂತ ತಿಳಿಯಬಹುದು.

ಎಷ್ಟೋ ಜನ ಇದನ್ನು ಕಾಯಿಲೆ ಅಂತ ಹೆದರಿ ನನ್ನ ಹತ್ತಿರ ಬರುತ್ತಿದ್ದರು. "ಬಿಳಿ ಸೆರಗು ಹೋಗ್ತಾ ಇದೆ ಸಿಸ್ಟರ್, ಮೈಯೆಲ್ಲ ಸವೆದು ಹೋಗುತ್ತೆ" ಅನ್ನುತ್ತಿದ್ದರು. ಕೆಟ್ಟ ವಾಸನೆ, ತುರಿಕೆ, ಉರಿ, ಮೊಸರು ಒಡೆದ ಹಾಗೆ ಗಂಟುಗಂಟು, ಹಸಿರು ಬಣ್ಣ ಇದ್ದರೆ ಅದು ಬೇರೆ, ಡಾಕ್ಟರಿಗೆ ತೋರಿಸಿ. ತಿಳಿಯಾಗಿ, ವಾಸನೆ ಇಲ್ಲದೆ ತಿಂಗಳ ನಡುವೆ ಎರಡು ಮೂರು ದಿನ ಬಂದು ಹೋದರೆ ಅದಕ್ಕೆ ಔಷಧಿ ಬೇಡ. ಮೈ ತನ್ನ ಕೆಲಸ ಮಾಡುತ್ತಿದೆ.

ಮೆಡಿಕಲ್ ಶಾಪಿನಲ್ಲಿ ಓವ್ಯುಲೇಶನ್ ಕಿಟ್ ಸಿಗುತ್ತದೆ. ಬಸಿರು ನೋಡುವ ಪಟ್ಟಿಯ ಹಾಗೆಯೇ, ಮೂತ್ರದ ಹನಿ ಹಾಕಿ ನೋಡುವುದು. ಅಂಡಾಣು ಬಿಡುಗಡೆಗೆ ಒಂದು, ಒಂದೂವರೆ ದಿನ ಮುಂಚೆ ಎಲ್‌ಎಚ್ ಎಂಬ ಹಾರ್ಮೋನು ಒಮ್ಮೆಲೇ ಏರುತ್ತದೆ, ಪಟ್ಟಿ ಅದನ್ನು ತೋರಿಸುತ್ತದೆ. ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ಪಿಸಿಒಎಸ್ ಎಂಬ ತೊಂದರೆ ಇರುವವರಿಗೆ ಇದು ಸುಮ್ನೆ ಆಸೆ ತೋರಿಸಬಹುದು, ಅವರಲ್ಲಿ ಆ ಹಾರ್ಮೋನು ಮೊದಲೇ ಜಾಸ್ತಿ ಇರಬಹುದು. ಬೆಳಗ್ಗೆ ಏಳುವ ಮುಂಚೆ ಥರ್ಮಾಮೀಟರ್ ಇಟ್ಟು ನೋಡುವ ಪದ್ಧತಿಯೂ ಇದೆ. ಅಂಡಾಣು ಬಿಡುಗಡೆಯಾದ ಮೇಲೆ ಮೈ ಬಿಸಿ ಒಂದಿಷ್ಟು ಏರುತ್ತದೆ, ಅರ್ಧ ಡಿಗ್ರಿ ಸೆಲ್ಸಿಯಸ್ಸಿಗಿಂತಲೂ ಕಡಿಮೆ. ಆದರೆ ಅದು ಹೇಳುವುದು ಮುಗಿದ ಕಥೆ. ಐದು ಗಂಟೆಗೆ ಎದ್ದು ನೀರು ಹಿಡಿಯಲು ಓಡುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಇಷ್ಟೆಲ್ಲ ತಲೆಬಿಸಿ ಬೇಡ ಅನ್ನುವವರಿಗೆ ಸುಲಭದ ದಾರಿ ಇದೆ. ಮುಟ್ಟು ನಿಂತಲಾಗಾಯ್ತು ಎರಡು ಮೂರು ದಿನಕ್ಕೊಮ್ಮೆ ಗಂಡ ಹೆಂಡತಿ ಕೂಡಿದರೆ ಆ ಆರು ದಿನ ತಾನಾಗಿಯೇ ಒಳಗೆ ಬರುತ್ತದೆ. ಸರಿ ರಾತ್ರಿಗೆ ಗಂಡು, ಬೆಸ ರಾತ್ರಿಗೆ ಹೆಣ್ಣು ಅಂತ ಹಳೆಯ ಶಾಸ್ತ್ರದ ಲೆಕ್ಕ ಹೇಳುವ ಅಜ್ಜಿಯರು ಇನ್ನೂ ಇದ್ದಾರೆ. ಅವರ ಕಾಫಿ ಕುಡಿಯಿರಿ, ಲೆಕ್ಕ ಬಿಡಿ.

ಆ ಹೆಣ್ಣುಮಗಳ ಕಥೆ ಅರ್ಧಕ್ಕೆ ಬಿಟ್ಟೆ. ಲೆಕ್ಕ ಸರಿಮಾಡಿಕೊಟ್ಟ ಮೇಲೆ ಆಕೆ ಒಂದು ಪ್ರಶ್ನೆ ಕೇಳಿದಳು. "ಅಕ್ಕ, ಆರು ದಿನಕ್ಕೆ ಅವರನ್ನು ರಜೆ ಹಾಕಿಸೋದು ಹೇಗೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಕೆಯೇ ಉತ್ತರ ಹುಡುಕಿಕೊಂಡಳು. ಮುಂದಿನ ಸುಗ್ಗಿ ಮುಗಿದ ಮೇಲೆ ಅತ್ತೆ ಬೇಡ ಬೇಡ ಅಂದರೂ ಬೆಂಗಳೂರಲ್ಲಿ ಗಂಡನ ಬಾಡಿಗೆ ಕೋಣೆಗೆ ಹೊರಟೇಹೋದಳು.

ಹೀಗೆ ಜೊತೆಯಲ್ಲಿದ್ದು ಒಂದು ವರ್ಷ ಕಳೆದರೂ ಬಸಿರು ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಿ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವವರು ಕಾಯಲೇಬೇಡಿ. ಹೋಗುವಾಗ ಇಬ್ಬರೂ ಹೋಗಿ. ಹೆಂಗಸನ್ನು ಊರೂರಿನ ಆಸ್ಪತ್ರೆಗೆ, ಹರಕೆಗೆ ಅಲೆದಾಡಿಸಿ, ಗಂಡನಿಗೆ ಒಂದು ವೀರ್ಯ ಪರೀಕ್ಷೆ ಮಾಡಿಸದ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎಲ್ಲದಕ್ಕಿಂತ ಅಗ್ಗದ, ನೋವಿಲ್ಲದ ಪರೀಕ್ಷೆ ಅದು. ಅದಕ್ಕೆ ಮುಂಚೆ ಎರಡರಿಂದ ಏಳು ದಿನ ಕೂಡದೆ ಇರಬೇಕು, ಅಷ್ಟೇ. ಜೊತೆಗೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ತಾರೀಖುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮುಟ್ಟು ಯಾವಾಗ ಆಯಿತು ಅನ್ನುವುದೇ ಡಾಕ್ಟರು ಕೇಳುವ ಮೊದಲ ಪ್ರಶ್ನೆ. "ಅಮಾವಾಸ್ಯೆ ಆದ ಮೇಲೆ ಮೇಡಂ" ಅಂದರೆ ಅವರು ಪಂಚಾಂಗ ಹುಡುಕಬೇಕಾಗುತ್ತದೆ.

ನಮಸ್ಕಾರ.