ಒರಗಿ ಕೂತು ತುಳಿಯುವ ಸುಖ

ಸ್ನೇಹಿತರೇ, ನಮಸ್ಕಾರ.

ಇಂದು ನನ್ನ ಮಾತು ಒಂದು ಕುರ್ಚಿಯ ಬಗ್ಗೆ. ಮೂರು ಗಾಲಿ, ಪೆಡಲು, ಗೇರು ಇರುವ ಕುರ್ಚಿ. ಹೊರದೇಶಗಳಲ್ಲಿ ಇದನ್ನು ರಿಕಂಬೆಂಟ್ ಟ್ರೈಕ್ ಎನ್ನುತ್ತಾರೆ. ನಮ್ಮ ಬೀದಿಯ ಹಿರಿಯಮ್ಮ ಒಬ್ಬರು ಮೊದಲ ದಿನವೇ ‘ಒರಗುಗಾಡಿ’ ಎಂದು ನಾಮಕರಣ ಮಾಡಿದರು. ಹುಡುಗರು ಅಷ್ಟು ಉದಾರಿಗಳಲ್ಲ. “ಅಜ್ಜಾ, ಹಾಸಿಗೆ ಸಮೇತ ಎಲ್ಲಿಗೆ ಹೊರಟೆ?” ಎಂದು ಕೇಳಿದವನೊಬ್ಬ ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ.

ನೋಡದವರಿಗಾಗಿ ಹೇಳುತ್ತೇನೆ. ಮುಂದೆ ಎರಡು ಗಾಲಿ, ಹಿಂದೆ ಒಂದು. ನೆಲದಿಂದ ಹೆಚ್ಚೆಂದರೆ ಒಂದು ಅಡಿ ಎತ್ತರದಲ್ಲಿ ಸೀಟು. ಬೆನ್ನು ಹಿಂದಕ್ಕೆ ಒರಗಿರುತ್ತದೆ, ಕಾಲು ಮುಂದಕ್ಕೆ ಚಾಚಿರುತ್ತದೆ, ಪೆಡಲು ಗಾಡಿಯ ಮೂತಿಯಲ್ಲಿರುತ್ತದೆ. ಹ್ಯಾಂಡಲ್ಲು ಸೀಟಿನ ಎರಡು ಪಕ್ಕದಲ್ಲಿ, ಇಳಿಬಿಟ್ಟ ಕೈಗೆ ತಾನಾಗಿ ಸಿಗುವಂತೆ. ಚೈನು ಅಲ್ಲಿಂದ ಹಿಂಗಾಲಿಯವರೆಗೆ ಹೋಗಬೇಕಲ್ಲ, ಮಾಮೂಲಿ ಸೈಕಲ್ಲಿನ ಮೂರು ಚೈನು ಜೋಡಿಸಿದರೆ ಸರಿಹೋಗುತ್ತದೆ. ಜರ್ಮನಿ, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಇದನ್ನೇ ಕಸುಬು ಮಾಡಿಕೊಂಡ ಕಂಪನಿಗಳಿವೆ. ಅವರು ಹೇಳುವ ಬೆಲೆಗೆ ಇಲ್ಲಿ ಒಳ್ಳೆಯ ಮೋಟಾರ್ ಸೈಕಲ್ಲೇ ಬರುತ್ತದೆ. ಹಾಗಾಗಿ ನಾನು ವೆಲ್ಡಿಂಗ್ ಕೆಲಸದ ಗೆಳೆಯನೊಬ್ಬನ ಬೆನ್ನುಬಿದ್ದೆ. ಚೌಕ ಪೈಪಿನ ಚೌಕಟ್ಟು, ಮಕ್ಕಳ ಸೈಕಲ್ಲಿನ 20 ಇಂಚಿನ ಗಾಲಿ ಎರಡು, ದೊಡ್ಡವರ ಸೈಕಲ್ಲಿನದು ಒಂದು, ಸೀಟಿಗೆ ಅಟ್ಟದ ಮೇಲಿದ್ದ ಹಳೆಯ ಮಂಚದ ನವಾರು. ಬೆನ್ನಿಗೆ ಗಾಳಿಯಾಡುವುದಕ್ಕೆ ನವಾರಿಗಿಂತ ಒಳ್ಳೆಯದನ್ನು ನಾನು ಇನ್ನೂ ಕಂಡಿಲ್ಲ.

ಮಾಡಿದ್ದು ಒಂದೇ ತಪ್ಪು, ಆದರೆ ದುಬಾರಿ ತಪ್ಪು. ಮುಂದಿನ ಎರಡು ಗಾಲಿಗಳನ್ನು ಕಣ್ಣಳತೆಯಲ್ಲಿ ಕೂರಿಸಿದೆ. ಗಾಡಿ ಓಡುತ್ತಿತ್ತು, ಆದರೆ ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ಭಾರ. 200 ಕಿಲೋಮೀಟರ್ ಓಡುವಷ್ಟರಲ್ಲಿ ಹೊಸ ಟೈರುಗಳು ಕೊಬ್ಬರಿ ತುರಿದಂತೆ ತುರಿದುಹೋಗಿದ್ದವು. ಅಚ್ಚಿನ ಎತ್ತರಕ್ಕೆ ದಾರ ಹಿಡಿದು, ಎರಡು ಗಾಲಿಗಳ ನಡುವಿನ ಅಂತರವನ್ನು ಮುಂದುಗಡೆ ಒಮ್ಮೆ, ಹಿಂದುಗಡೆ ಒಮ್ಮೆ ಅಳೆದಾಗ ಗುಟ್ಟು ತಿಳಿಯಿತು. ಮುಂದೆ ಅಂತರ ಹೆಚ್ಚಿತ್ತು. ಗಾಲಿಗಳು ಉರುಳುವುದರ ಜೊತೆಗೆ ಪಕ್ಕಕ್ಕೂ ಉಜ್ಜಿಕೊಂಡೇ ಹೋಗುತ್ತಿದ್ದವು. ಎರಡು ಗಾಲಿಗಳನ್ನು ಬೆಸೆಯುವ ಟೈ ರಾಡನ್ನು ಒಂದೂವರೆ ಸುತ್ತು ತಿರುಗಿಸಿ, ಮುಂದಿನ ಅಂತರ ಹಿಂದಿನದಕ್ಕಿಂತ ಒಂದು ಮಿಲಿಮೀಟರ್ ಕಡಿಮೆ ಇರುವಂತೆ ಮಾಡಿದೆವು. ಅಂದು ಸಂಜೆ ಗಾಡಿ ಬಿಟ್ಟ ಬಾಣದಂತೆ ಹೋಯಿತು. ತಿರುವಿನ ಲೆಕ್ಕ ಬೇರೆ. ಅಲ್ಲಿ ಒಳಗಿನ ಗಾಲಿ ಸಣ್ಣ ಸುತ್ತು ಹಾಕುತ್ತದೆ, ಹೊರಗಿನದು ದೊಡ್ಡದು. ಆದ್ದರಿಂದ ಒಳಗಿನದು ಹೆಚ್ಚು ಹೊರಳಬೇಕು. ಈ ಉಪಾಯಕ್ಕೆ 1818ರಲ್ಲೇ ಇಂಗ್ಲೆಂಡಿನಲ್ಲಿ ಪೇಟೆಂಟ್ ಆಗಿದೆ, ಅದೂ ಕುದುರೆ ಸಾರೋಟಿಗಾಗಿ. ಆಕರ್ಮನ್ ಎಂಬ ಹೆಸರಿನಲ್ಲಿ ಇಂದು ಪ್ರತಿ ಕಾರಿನಲ್ಲೂ ಇದೆ, ನನ್ನ ನವಾರು ಕುರ್ಚಿಯಲ್ಲೂ ಇದೆ.

ಇರಲಿ, ಸುಖದ ವಿಷಯಕ್ಕೆ ಬರುತ್ತೇನೆ. ನಲವತ್ತು ವರ್ಷ ಎರಡು ಗಾಲಿಯ ಸೈಕಲ್ ತುಳಿದವನು ನಾನು. ಸೈಕಲ್ಲಿನದು ಒಂದು ಷರತ್ತಿದೆ: ನಿಂತರೆ ಬೀಳುತ್ತೀಯ. ನಮಗೆ ಅದು ಎಷ್ಟು ರೂಢಿಯಾಗಿದೆಯೆಂದರೆ ಷರತ್ತು ಇದೆಯೆಂಬುದೇ ಮರೆತಿರುತ್ತದೆ. ಕಣ್ಣು ಸದಾ ಮುಂದಿನ ಹತ್ತು ಅಡಿಯ ಮೇಲೆ, ಕುತ್ತಿಗೆ ಬಿಗಿ, ಅಂಗೈ ಜೋಮು. ಈ ಗಾಡಿಗೆ ಕನಿಷ್ಠ ವೇಗವೆಂಬುದೇ ಇಲ್ಲ. ಏರಿನಲ್ಲಿ ಗಂಟೆಗೆ ನಾಲ್ಕು ಕಿಲೋಮೀಟರಿಗೆ ಇಳಿಸಿ, ಅದು ತೂರಾಡುವುದಿಲ್ಲ. ಪೂರ್ತಿ ನಿಲ್ಲಿಸಿ, ಕಾಲು ಊರಬೇಕಾಗಿಲ್ಲ. ಬೀಳದಿರುವ ಕೆಲಸದಿಂದ ಮೈಗೆ ಬಿಡುವು ಸಿಕ್ಕಿತು ನೋಡಿ, ಆಗ ಕಣ್ಣಿಗೂ ಬಿಡುವು ಸಿಗುತ್ತದೆ. ನಾನು ಭೀಮಸಮುದ್ರದ ದಾರಿಯಲ್ಲಿ ಎಷ್ಟು ವರ್ಷ ಓಡಾಡಿದ್ದೆನೋ! ಗುಡ್ಡದ ಮೇಲಿನ ಗಾಳಿಯಂತ್ರದ ರೆಕ್ಕೆಯ ನೆರಳು ಶೇಂಗಾ ಹೊಲದ ಮೇಲೆ ಹಾದುಹೋಗುವುದನ್ನು ಈ ಸೀಟಿನಲ್ಲಿ ಒರಗಿದ ಮೇಲೇ ನೋಡಿದ್ದು.

ಅದೇ ದಾರಿಯ ಏರಿನಲ್ಲಿ ಒಮ್ಮೆ ಹುಲ್ಲುಹೊರೆ ಹೊತ್ತ ಹೆಣ್ಣುಮಗಳೊಬ್ಬರು ನನ್ನ ಪಕ್ಕದಲ್ಲೇ ನಡೆದು ಬಂದರು. ಇಬ್ಬರದೂ ಒಂದೇ ವೇಗ.

“ಯಜಮಾನರೇ, ಸೊಂಟಕ್ಕೆ ಏನಾಗಿದೆ?”

“ಸೊಂಟ ಗಟ್ಟಿಯಿದೆ ತಾಯಿ. ಮಂಡಿಯದೇ ತಕರಾರು.”

ಸ್ವಲ್ಪ ದೂರ ಗಾಡಿಯನ್ನೇ ನೋಡುತ್ತ ಬಂದವರು, “ನಮ್ಮ ಮನೆಯವರ ಕಣ್ಣಿಗೆ ಇದು ಬೀಳಬಾರದು. ಕೂತರೆ ಏಳುವುದಿಲ್ಲ” ಎಂದರು. ಏರು ಮುಗಿಯುವವರೆಗೂ ಅವರ ಎಮ್ಮೆ, ಮಗಳ ಮದುವೆ, ಮಳೆಯ ವಿಚಾರ ಎಲ್ಲ ಆಯಿತು. ಸೈಕಲ್ಲಿನಲ್ಲಿದ್ದಿದ್ದರೆ ಏದುಸಿರು ಬಿಡುತ್ತ ಅವರನ್ನು ದಾಟಿ ಹೋಗಿರುತ್ತಿದ್ದೆ.

ಇನ್ನು ಗಾಳಿ. ನಮ್ಮ ಗುಡ್ಡಗಳ ಮೇಲೆ ಆ ಯಂತ್ರಗಳನ್ನು ಅಲಂಕಾರಕ್ಕೆ ನಿಲ್ಲಿಸಿಲ್ಲ. ಆಷಾಢದಲ್ಲಿ ಪಶ್ಚಿಮಕ್ಕೆ ಮುಖಮಾಡಿ ಸೈಕಲ್ ತುಳಿದವರಿಗೆ ಗೊತ್ತು, ಇಳಿಜಾರಿನಲ್ಲೂ ತುಳಿಯಬೇಕು. ಮೈಗೆ ಬಡಿಯುವ ಗಾಳಿಯ ವೇಗ ಎರಡರಷ್ಟಾದರೆ ಅದರ ತಡೆ ನಾಲ್ಕರಷ್ಟಾಗುತ್ತದೆ. ಒರಗಿ ಕೂತವನು ಗಾಳಿಗೆ ತೋರಿಸುವ ಮೈ ಕಡಿಮೆ. ಅದೂ ಅಲ್ಲದೆ ನೆಲದ ಹತ್ತಿರ ಗಾಳಿಯ ಜೋರು ತುಸು ತಗ್ಗಿರುತ್ತದೆ. ಬೇಲಿಯ ಮರೆಯಲ್ಲಿ ನುಸುಳುವ ನಾಯಿಯಂತೆ ನಾವು ಕೆಳಗಿಂದ ನುಸುಳುತ್ತೇವೆ. ವಾಪಸು ಬರುವಾಗ ಗಾಳಿ ಬೆನ್ನಿಗಿದ್ದರೆ ಕೇಳಬೇಡಿ, ನವಾರಿನ ಹಿಂದೆ ಯಾರೋ ಅಂಗೈಯಿಟ್ಟು ತಳ್ಳುತ್ತಿರುವಂತೆ ಇರುತ್ತದೆ.

ಇದನ್ನು ಸೋಮಾರಿಗಳ ಸವಾರಿ ಎನ್ನುವವರಿದ್ದಾರೆ. ಅವರಿಗೆ ಪ್ಯಾರಿಸಿನ ಒಂದು ಜಗಳದ ಕಥೆ ಹೇಳುತ್ತೇನೆ. 1933ರ ಜುಲೈನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಎರಡನೇ ದರ್ಜೆಯ ಸವಾರ, ಷಾರ್ಲ್ ಮೊಶೆ ರೂಪಿಸಿದ ಒರಗು ಸೈಕಲ್ಲಿನಲ್ಲಿ ಒಂದು ಗಂಟೆಗೆ 45.055 ಕಿಲೋಮೀಟರ್ ಹೋದ. ಅದು ಎರಡು ಗಾಲಿಯದು, ಆದರೆ ಕೂರುವ ಭಂಗಿ ನಮ್ಮದೇ. ಹಳೆಯ ದಾಖಲೆ 1914ರಿಂದ ಅಲುಗಿರಲಿಲ್ಲ. ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸ್ಪರ್ಧೆಯ ಸೈಕಲ್ ಹೀಗೇ ಇರಬೇಕೆಂದು ನಿಯಮ ಬರೆದು ಇದನ್ನು ಹೊರಗಿಟ್ಟಿತು. ಸೋಮಾರಿಗಳಿಗೆ ಹೆದರಿ ಯಾರಾದರೂ ನಿಯಮ ಬರೆಯುತ್ತಾರೆಯೇ? ಹಾಗೆಂದು ಮೂರು ಗಾಲಿಯದು ಅಷ್ಟು ವೇಗದ್ದೆಂದು ತಿಳಿಯಬೇಡಿ. ತೂಕ ಹೆಚ್ಚು, ಉರುಳುವ ಗಾಲಿಯೂ ಒಂದು ಹೆಚ್ಚು. ಏರಿನಲ್ಲಿ ಎದ್ದು ನಿಂತು ತುಳಿಯಲಾಗದು. ಬೆನ್ನಿಗೆ ಸೀಟಿನ ಆಸರೆ ಇದೆಯೆಂದು ಜೋರಾಗಿ ಒತ್ತಿದರೆ ಮಂಡಿ ಹೋಗುತ್ತದೆ. ಸಣ್ಣ ಗೇರಿಗೆ ಹಾಕಿ, ಬೀಸುಕಲ್ಲು ತಿರುಗಿಸಿದ ಹಾಗೆ ಹಗುರವಾಗಿ ತುಳಿಯಬೇಕು.

ಕಷ್ಟಗಳನ್ನು ಮುಚ್ಚಿಡುವುದಿಲ್ಲ. ಗಾಲಿ ಮೂರು, ಜಾಡೂ ಮೂರು. ರಸ್ತೆಯ ಗುಂಡಿ ಒಂದನ್ನು ತಪ್ಪಿಸಿಕೊಂಡರೆ ಇನ್ನೊಂದಕ್ಕೆ ಸಿಕ್ಕಿಬೀಳುತ್ತದೆ. ಊರೂರಿನವರು ತಮ್ಮ ತಮ್ಮ ಇಷ್ಟದಂತೆ ಹಾಕಿಕೊಂಡ ಹಂಪುಗಳಿಗೆ ಗಾಡಿಯ ಹೊಟ್ಟೆ ತಾಗುತ್ತದೆ. ಅದಿರಿನ ಲಾರಿಯ ಹೊಗೆ, ದೂಳು ನೇರ ಮೂಗಿಗೆ. ಸುಗ್ಗಿಯಲ್ಲಿ ನಮ್ಮವರು ರಸ್ತೆಯ ಮೇಲೇ ರಾಗಿ, ಹುರುಳಿ ಒಕ್ಕಣೆಗೆ ಹರಡುತ್ತಾರಲ್ಲ, ಸೈಕಲ್ಲಾದರೆ ಅಲ್ಲಿ ಜಾರಿ ಬೀಳಬೇಕು. ಇದು ಜಾರಿದರೂ ಬೀಳುವುದಿಲ್ಲ, ಆದರೆ ಹುಲ್ಲು ಹಿಂಗಾಲಿಯ ಹಲ್ಲುಚಕ್ರಕ್ಕೆ ಸುತ್ತಿಕೊಂಡು ಅರ್ಧ ಗಂಟೆ ಬಿಡಿಸಿದ್ದೇನೆ. ಕಣದ ಯಜಮಾನ ನಗುತ್ತ ಕುಡುಗೋಲು ಕೊಟ್ಟ. ರಾಷ್ಟ್ರೀಯ ಹೆದ್ದಾರಿಗೆ ನಾನು ಹೋಗುವುದೇ ಇಲ್ಲ. ಹಳ್ಳಿಯ ರಸ್ತೆಯಲ್ಲೂ ಆರಡಿ ಕೋಲಿಗೆ ಕೇಸರಿಯಲ್ಲ, ಹಸಿರಲ್ಲ, ಯಾವ ಪಕ್ಷಕ್ಕೂ ಸೇರದ ಗುಲಾಬಿ ಬಾವುಟ ಕಟ್ಟಿಕೊಂಡೇ ಹೊರಡುವುದು.

ನಾಯಿಗಳ ವಿಷಯ ಎಲ್ಲರೂ ಕೇಳುತ್ತಾರೆ. ಹೌದು, ನಾಯಿಯ ಮುಖ ಮತ್ತು ನನ್ನ ಮುಖ ಒಂದೇ ಎತ್ತರದಲ್ಲಿರುತ್ತವೆ. ಮೊದಲ ಸಲ ಜೀವ ಬಾಯಿಗೆ ಬಂದಿತ್ತು. ನಾನು ಬ್ರೇಕ್ ಹಿಡಿದು ಸುಮ್ಮನೆ ಕೂತೆ. ಓಡಿಬಂದ ನಾಯಿಯೂ ನಿಂತಿತು. ಅಟ್ಟುವುದಕ್ಕೆ ಏನಾದರೂ ಓಡಬೇಕಲ್ಲ? ಒಂದು ಕ್ಷಣ ನನ್ನನ್ನು ನೋಡಿತು, ಮುಂದಿನ ಟೈರು ಮೂಸಿತು, ಕಾಲೆತ್ತಿ ತನ್ನ ಕೆಲಸ ಮುಗಿಸಿ ಹೋಯಿತು. ಈಗಲೂ ಆ ಊರಿನಲ್ಲಿ ನಮ್ಮಿಬ್ಬರದು ಅಷ್ಟೇ ವ್ಯವಹಾರ.

ಗಾಡಿಯನ್ನು ಹೊರಗೆ ಬೇವಿನ ಮರದ ಕೆಳಗೆ ನಿಲ್ಲಿಸಿದ್ದೇನೆ. ಕೂತು ನೋಡುವವರು ಬನ್ನಿ. ಎಡಗೈಯ ಬ್ರೇಕಿಗೆ ರಬ್ಬರ್ ಸುತ್ತಿದ್ದೇನೆ, ಕೂತ ಮೇಲೆ ಅದನ್ನು ಬಿಚ್ಚಿ, ಮೊದಲೇ ಬಿಚ್ಚಿದರೆ ಕೂರುವಷ್ಟರಲ್ಲಿ ಕುರ್ಚಿ ಮುಂದೆ ಹೋಗಿರುತ್ತದೆ. ಹಿಮ್ಮಡಿಯನ್ನು ಪೆಡಲಿನ ಪಟ್ಟಿಗೆ ಸಿಕ್ಕಿಸಿಕೊಳ್ಳಿ, ಕಾಲು ಜಾರಿ ನೆಲಕ್ಕೆ ಬಿದ್ದರೆ ಗಾಡಿ ಅದರ ಮೇಲೇ ಹತ್ತುತ್ತದೆ. ಸೀರೆ, ಪಂಚೆಯವರು ಸ್ವಲ್ಪ ಎತ್ತಿ ಕಟ್ಟಿಕೊಳ್ಳಿ. ಏಳುವಾಗ ಕೈ ಬೇಕಾದರೆ ನಾನು ಪಕ್ಕದಲ್ಲೇ ಇರುತ್ತೇನೆ. ಮೊದಲ ಸರದಿ ಹಿಂದಿನ ಸಾಲಿನ ಆ ಹುಡುಗನದು.