ಭಟ್ಟಿಯ ಗಾಳಿ ಅಳೆಯುವ ಒದ್ದೆ ಪೊರೆ

ಕೇಳುಗರಿಗೆ ನಮಸ್ಕಾರ. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೊಗೆ ಕಣ್ಣಿಗೆ ಕಾಣುತ್ತದೆ. ಹೊಟ್ಟು ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಮಾತ್ರ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಇದಕ್ಕಿದ್ದ ಎಂಟು ಗಂಟೆಯ ಸರಾಸರಿ ಮಿತಿ 50 ಪಿಪಿಎಂ. ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಐವತ್ತು ಪಾಲು.

ಈ ಅನಿಲವನ್ನು ಅಳೆಯುವ ಸೆನ್ಸರಿನ ಒಳಗಿರುವುದು ಅಯಾನುಗಳನ್ನು, ಅಂದರೆ ವಿದ್ಯುದಂಶ ಹೊತ್ತ ಕಣಗಳನ್ನು, ಸಾಗಿಸುವ ಒಂದು ಒದ್ದೆ ಪೊರೆ. ಕಾರಿನ ಸೈಲೆನ್ಸರ್ ಕೊಳವೆಯಲ್ಲಿ ಆಮ್ಲಜನಕ ಅಳೆಯುವ ಜಿರ್ಕೋನಿಯಾ ಸೆನ್ಸರ್ ಕೂಡ ಅಯಾನು ಸಾಗಿಸುವ ಘನವಸ್ತುವೇ. ಆದರೆ ಸುಮಾರು 300 ಡಿಗ್ರಿ ಕಾಯದೆ ಅದು ಕೆಲಸ ಮಾಡದು. ಕೋಣೆಯ ಉಷ್ಣತೆಯಲ್ಲೇ ಪ್ರೋಟಾನ್, ಅಂದರೆ ಹೈಡ್ರೋಜನ್ ಅಯಾನು, ಸಾಗಿಸಲು ನ್ಯಾಫಿಯಾನ್‌ನಂಥ ಪ್ಲಾಸ್ಟಿಕ್ ಪೊರೆ ಬೇಕು. ನ್ಯಾಫಿಯಾನ್ 117ರ ದಪ್ಪ 183 ಮೈಕ್ರಾನ್. ಅದರ ಎರಡೂ ಮುಖಕ್ಕೆ ಪ್ಲಾಟಿನಂ ಲೇಪಿಸುತ್ತಾರೆ. ಒಂದು ಮುಖದಲ್ಲಿ ಕಾರ್ಬನ್ ಮೊನಾಕ್ಸೈಡ್ ನೀರಿನೊಡನೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಬಿಡುಗಡೆಯಾದ ಪ್ರೋಟಾನ್ ಪೊರೆಯೊಳಗೆ, ಎಲೆಕ್ಟ್ರಾನ್ ಹೊರಗಿನ ತಂತಿಯಲ್ಲಿ ಹೋಗಿ, ಆಚೆ ಮುಖದಲ್ಲಿ ಆಮ್ಲಜನಕದೊಡನೆ ಮತ್ತೆ ನೀರಾಗುತ್ತವೆ. ಅನಿಲ ಒಳಬರುವ ಕಿಂಡಿ ಸಣ್ಣದಿದ್ದರೆ ತಂತಿಯ ಕರೆಂಟು ಅನಿಲದ ಪ್ರಮಾಣಕ್ಕೆ ತಕ್ಕಂತೆ ಏರುತ್ತದೆ.

ಲೇಪನಕ್ಕೆ ಮುನ್ನ ಪೊರೆಯನ್ನು ಶುದ್ಧಿಮಾಡಲು ಮೊದಲು ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ, ಆಮೇಲೆ ಅರ್ಧ ಮೋಲಾರ್ ಗಂಧಕಾಮ್ಲದಲ್ಲಿ, 80 ಡಿಗ್ರಿಯಲ್ಲಿ ಒಂದೊಂದು ಗಂಟೆ ಇಡಬೇಕು. ಪ್ರತಿ ಸಲವೂ ಡಿಸ್ಟಿಲ್ಡ್ ನೀರಿನಲ್ಲಿ ಕಾಯಿಸಿ ತೊಳೆಯಬೇಕು. ಬೋರ್‌ವೆಲ್ ನೀರು ಬೇಡವೇ ಬೇಡ: ಅದರ ಕ್ಯಾಲ್ಸಿಯಂ ಪ್ರೋಟಾನಿನ ಜಾಗದಲ್ಲಿ ಕೂತರೆ ಪೊರೆ ಪ್ರೋಟಾನ್ ಸಾಗಿಸುವುದು ಕುಂದುತ್ತದೆ. ಬೆವರಿನ ಸೋಡಿಯಂ ಮಾಡುವುದೂ ಅದನ್ನೇ. ಆದ್ದರಿಂದ ಬರಿಗೈಯಲ್ಲಿ ಮುಟ್ಟಬಾರದು.

ನಮ್ಮ ಸೀಮೆಗೆ ದೊಡ್ಡ ತೊಡಕು ಬೇಸಿಗೆ. ಒಣಗಿದ ಪೊರೆಯಲ್ಲಿ ಪ್ರೋಟಾನ್ ಸಾಗುವುದಿಲ್ಲ. ಪೊರೆಯ ಹಿಂಬದಿಯಲ್ಲಿ ಪುಟ್ಟ ನೀರಿನ ತೊಟ್ಟಿ ಇಲ್ಲದ ಸೆನ್ಸರನ್ನು ಏಪ್ರಿಲ್‌ನಲ್ಲಿ ನಂಬುವುದು ಕಷ್ಟ, ಏಕೆಂದರೆ ಶುದ್ಧ ಗಾಳಿಗೂ ಸತ್ತ ಸೆನ್ಸರಿಗೂ ಮೀಟರ್ ತೋರಿಸುವುದು ಒಂದೇ ಸೊನ್ನೆ. 50 ಪಿಪಿಎಂ ಪರೀಕ್ಷಾ ಅನಿಲ ಹಾಯಿಸಿ ನೋಡದೆ ಬೇರೆ ದಾರಿಯಿಲ್ಲ.

ಸರ್ಕ್ಯೂಟಿನಲ್ಲೂ ಎಡವಟ್ಟಾಗುತ್ತದೆ. ಪಿಪಿಎಂಗೆ 2 ನ್ಯಾನೋಆಂಪಿಯರ್ (ಆಂಪಿಯರಿನ ನೂರು ಕೋಟಿಯ ಎರಡು ಪಾಲು) ಕೊಡುವ ಸೆನ್ಸರಾದರೆ 50 ಪಿಪಿಎಂಗೆ ಸಿಗುವುದು 100 ನ್ಯಾನೋಆಂಪಿಯರ್. ಇದನ್ನು ಅಳೆಯುವಷ್ಟು ವೋಲ್ಟೇಜಾಗಿಸಲು ಆಪ್-ಆಂಪ್ ಎಂಬ ವರ್ಧಕ ಐಸಿ ಬೇಕು. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 741 ಐಸಿಯ ಬಯಾಸ್ ಕರೆಂಟೇ, ಅಂದರೆ ಅದರ ಇನ್‌ಪುಟ್ ತಾನೇ ಎಳೆಯುವ ಕರೆಂಟೇ, ಸುಮಾರು 80 ನ್ಯಾನೋಆಂಪಿಯರ್. ಅಳೆಯಬೇಕಾದ್ದು ಅದರಲ್ಲೇ ಮುಳುಗುತ್ತದೆ. ಬಯಾಸ್ ಕರೆಂಟು ಪಿಕೋಆಂಪಿಯರ್ (ನ್ಯಾನೋಆಂಪಿಯರಿನ ಸಾವಿರದ ಒಂದು ಪಾಲು) ಮಟ್ಟದಲ್ಲಿರುವ ಸಿಎ3140 ಐಸಿ ಹಾಕಿ, 1 ಮೆಗಾಓಮ್ ರೆಸಿಸ್ಟರ್ ಕೊಟ್ಟರೆ 100 ಮಿಲಿವೋಲ್ಟ್ ಸಿಗುತ್ತದೆ.

ಇನ್ವರ್ಟರ್ ಬ್ಯಾಟರಿಯ ಪಕ್ಕ ಈ ಸೆನ್ಸರನ್ನು ತೂಗುಹಾಕಬೇಡಿ. ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ನಿಗೂ ಅದು ಕೂಗುತ್ತದೆ, ಸೆನ್ಸರಿನ ಮುಂದೆ ಹಾಕುವ ಇದ್ದಿಲಿನ ಫಿಲ್ಟರ್ ಹೈಡ್ರೋಜನ್ನನ್ನು ತಡೆಯದು. ಭಟ್ಟಿಯ ಬಾಯಿಂದ ದೂರ, ಕೆಲಸಗಾರರು ಉಸಿರಾಡುವ ಎತ್ತರದಲ್ಲಿ ಗೋಡೆಗೆ ಹಾಕಿ.